ಗಾಳ, ದೋಣಿ ಮತ್ತು ಆಳ ನೋಡುವ ಯಂತ್ರ

ತೋಟದ ಕೆರೆಯುಳ್ಳ ಸದಸ್ಯ ಬಾಂಧವರ ಗಮನಕ್ಕೆ

ಕಳೆದ ಸರ್ವಸದಸ್ಯರ ಸಭೆಯಲ್ಲಿ, ವಂದನಾರ್ಪಣೆಗೆ ಸ್ವಲ್ಪ ಮುಂಚೆ, ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ನಮ್ಮ ಸಂಘದ ಮಳಿಗೆಯಲ್ಲಿ ಮೈಲುತುತ್ತ ಸಿಗುತ್ತದೆ, ಸುಣ್ಣ ಸಿಗುತ್ತದೆ, ಗೊಬ್ಬರ ಸಿಗುತ್ತದೆ, ಕತ್ತಿ ಹಾರೆಯೂ ಸಿಗುತ್ತದೆ. ಗಾಳ ಯಾಕೆ ಸಿಗುವುದಿಲ್ಲ ಸೆಕ್ರೆಟರಿಯವರೇ?" ಸಭೆ ನಕ್ಕಿತು. ಅವರು ನಗಲಿಲ್ಲ. "ಮೊಮ್ಮಗ ಬೆಂಗಳೂರಿನಿಂದ ಏನೇನೋ ತರಿಸಿದ್ದಾನೆ. ನೀರಿನೊಳಗಿನ ಮೀನನ್ನು ತೋರಿಸುವ ಟೀವಿಯಂತೆ. ಕೊಂಡದ್ದು ಸರಿಯೋ ತಪ್ಪೋ ಹೇಳುವವರಿಲ್ಲ" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಇಂದು ನಮ್ಮ ಸದಸ್ಯರ ಪೈಕಿ ಕೆರೆಯೋ ಹೊಂಡವೋ ಇಲ್ಲದವರು ಕಡಿಮೆ. ಅದರಲ್ಲಿ ನಾಲ್ಕು ಕಾಟ್ಲಾ, ರೋಹು ಮರಿ ಬಿಡದವರು ಇನ್ನೂ ಕಡಿಮೆ. ಊರಿಗೆ ಮರಳಿದ ಮಕ್ಕಳು ಸಂಜೆ ಗಾಳ ಹಿಡಿದು ಕೂರುತ್ತಾರೆ. ಸಾಮಾನು ಮನೆಬಾಗಿಲಿಗೇ ಬರುತ್ತದೆ, ಆದರೆ ಅದರೊಡನೆ ಬುದ್ಧಿಮಾತು ಬರುವುದಿಲ್ಲ. ಹಾಗಾಗಿ ನಮಗೆ ಗೊತ್ತಿರುವಷ್ಟನ್ನು, ನಮ್ಮದೇ ಒಂದು ತಪ್ಪಿನಿಂದ ಕಲಿತದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇವೆ. ಬೆಲೆಗಳನ್ನು ಬರೆಯುವುದಿಲ್ಲ, ಪತ್ರಿಕೆ ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ಅವು ಬದಲಾಗಿರುತ್ತವೆ.

ಮೊದಲು ನೀರು, ಆಮೇಲೆ ಸಾಮಾನು

ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮ ನೀರು ಯಾವುದು? ತೋಟದ ಕೆರೆಯ ಆಳ ಹೆಚ್ಚೆಂದರೆ ಹದಿನೈದು ಇಪ್ಪತ್ತಡಿ. ಹಳ್ಳ ಹೊಳೆಗಳಲ್ಲಿ ಕಲ್ಲು, ಸುಳಿ, ಸೆಳವು ಉಂಟು. ಜಲಾಶಯದ ಹಿನ್ನೀರಿನಲ್ಲಿ ಗಾಳಿ, ಅಲೆ, ಮುಳುಗಿದ ಮರಗಳು. ಒಂದಕ್ಕೆ ಸರಿಹೋದದ್ದು ಇನ್ನೊಂದಕ್ಕೆ ಸರಿಹೋಗದು. ಜಾಹೀರಾತಿನಲ್ಲಿ ಕಾಣುವ ಸಾಮಾನಿನ ಬಹುಪಾಲು ಅಮೆರಿಕದ ದೊಡ್ಡ ಸರೋವರಗಳಿಗೆ ಇಲ್ಲವೇ ಸಮುದ್ರಕ್ಕೆ ಮಾಡಿದ್ದು.

ಎರಡನೆಯದು ಮೀನಿನ ಸ್ವಭಾವ. ನಾವು ಸಾಕುವ ಮೂರು ಗೆಂಡೆ ಜಾತಿಗಳು ಒಂದೇ ಕೆರೆಯಲ್ಲಿ ಮೂರು ಅಂತಸ್ತಿನ ಮನೆ ಮಾಡಿಕೊಂಡಂತೆ ಇರುತ್ತವೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಸಾಮಾನ್ಯ ಗೆಂಡೆಯೂ ತಳ ಕೆದಕುವುದೇ. ಹುಲ್ಲುಗೆಂಡೆ ದಡದ ಹುಲ್ಲು, ನೀರುಕಳೆ ಇರುವಲ್ಲಿಗೆ ಬರುತ್ತದೆ. ಕೊರವ ಎಂದೂ ಮರಲ್ ಎಂದೂ ಕರೆಯುವ ಮೀನು ಗಾಳಿಯನ್ನೂ ಉಸಿರಾಡಬಲ್ಲದು. ಅದು ಜೊಂಡಿನ ಸಂದಿಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ಹೊಂಚುಹಾಕಿ ಕೂತಿರುತ್ತದೆ. ಬೆಂಡನ್ನು ಎಷ್ಟು ಆಳಕ್ಕೆ ಕಟ್ಟಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಇದಕ್ಕೆ ಯಂತ್ರ ಬೇಕಿಲ್ಲ.

ಕೋಲು, ರೀಲು, ದಾರ

ಬಿದಿರಿನ ಕೋಲು, ತಂಗೂಸಿ ದಾರ, ನವಿಲುಗರಿಯ ದಂಟಿನ ಬೆಂಡು, ತುದಿಗೆ ಎರೆಹುಳು: ಇಷ್ಟರಲ್ಲಿ ನಮ್ಮ ಹಿರಿಯರು ಹಿಡಿದ ಮೀನನ್ನು ನಾವು ಇನ್ನೂ ಹಿಡಿದಿಲ್ಲ. ದಡದ ಹತ್ತಿರದ ಸಣ್ಣ ಮೀನಿಗೆ ಇಂದಿಗೂ ಇದು ಸಾಕು. ಎರಡು ಕಿಲೋ ಮೀರಿದ ಗೆಂಡೆಗೆ, ದೂರ ಎಸೆಯುವುದಕ್ಕೆ ಮಾತ್ರ ರೀಲು ಬೇಕು.

ಮೊದಲ ಸಲ ಕೊಳ್ಳುವವರಿಗೆ ಏಳು ಅಡಿಯ, ಎರಡು ತುಂಡಿನ, ಮಧ್ಯಮ ಬಿಗಿಯ ಕೋಲು ಸಾಕು. ಇದರಲ್ಲಿ ಗಾಜಿನ ನಾರಿನದು, ಕಾರ್ಬನ್ನಿನದು ಎಂದು ಎರಡು ಬಗೆ. ಕಾರ್ಬನ್ ಹಗುರ, ಮೀನು ಮುಟ್ಟಿದ್ದು ಕೈಗೆ ಬೇಗ ತಿಳಿಯುತ್ತದೆ. ಆದರೆ ಕಲ್ಲಿಗೆ ತಾಗಿದರೆ ಬಿರುಕು ಬಿಡುತ್ತದೆ. ಗಾಜಿನ ನಾರಿನದು ಕೊಂಚ ಭಾರ, ಆದರೆ ಜೀಪಿನ ಹಿಂದೆ ಎಸೆದರೂ ಸಹಿಸಿಕೊಳ್ಳುತ್ತದೆ. ನಾವು ಗಾಜಿನ ನಾರಿನದನ್ನೇ ಹೇಳುತ್ತೇವೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುತ್ತದೆ. ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿ ಮೆಣಸು ಕೊಯ್ಯುವವರು ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯುವುದಕ್ಕೆ ಬಂದಿರುವ ಕಾರ್ಬನ್ ದೋಟಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಪಂಪ್‌ಸೆಟ್ಟಿಗೆ ಬರುವ ತಂತಿ ಕೆರೆಯ ಏರಿಯ ಮೇಲೆಯೇ ಹಾದುಹೋಗುವುದು ಸಾಮಾನ್ಯ. ಅದರ ಕೆಳಗೆ ನಿಂತು ಯಾವ ಕೋಲನ್ನೂ ಬೀಸಬಾರದು. ಗುಡುಗು ಕೇಳಿದ ಕೂಡಲೆ ಕೋಲು ಕೆಳಗಿಟ್ಟು ಮನೆಗೆ ಬರಬೇಕು.

ರೀಲಿನಲ್ಲಿ ಹೊಸಬರಿಗೆ ಸುಲಭವಾದದ್ದು ಉಂಡೆ ತಿರುಗದೆ ದಾರ ಮಾತ್ರ ಬಿಚ್ಚಿಕೊಳ್ಳುವ ಸ್ಪಿನ್ನಿಂಗ್ ರೀಲು. ಅದರ ಮೇಲೆ 3000 ಅಥವಾ 4000 ಎಂಬ ಅಳತೆ ಬರೆದಿರುವುದು ನಮ್ಮ ಕೆರೆಗೆ ಹೊಂದುತ್ತದೆ. ದಾರವನ್ನು ಉಂಡೆಯ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕಡಿಮೆ ತುಂಬಬೇಕು. ಹೆಚ್ಚು ತುಂಬಿದರೆ ಎಸೆಯುವಾಗ ಗಂಟುಗಂಟಾಗಿ ಉದುರುತ್ತದೆ, ಕಡಿಮೆಯಾದರೆ ದೂರ ಹೋಗುವುದಿಲ್ಲ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತಿರಿ.

ದಾರದಲ್ಲಿ ಎರಡು ಜಾತಿ. ಒಂಟಿ ಎಳೆಯ ನೈಲಾನ್ ಸ್ವಲ್ಪ ಹಿಗ್ಗುತ್ತದೆ. ಮೀನು ಜಗ್ಗಿದಾಗ ಆ ಹಿಗ್ಗುವಿಕೆಯೇ ನಮ್ಮ ತಪ್ಪನ್ನು ಮನ್ನಿಸುತ್ತದೆ. ಹೆಣೆದ ದಾರ ತೆಳುವಾಗಿದ್ದೂ ಬಲು ಗಟ್ಟಿ, ಹಿಗ್ಗುವುದಿಲ್ಲ. ಆದರೆ ಕೈ ಕೊಯ್ಯುತ್ತದೆ, ಕಲ್ಲಿಗೆ ತಿಕ್ಕಿದರೆ ಬೇಗ ಸವೆಯುತ್ತದೆ. ತೋಟದ ಕೆರೆಗೆ 12 ಪೌಂಡಿನ ನೈಲಾನ್ ಸಾಕು. ಪೌಂಡು ಎಂದರೆ ಎಷ್ಟು ಭಾರಕ್ಕೆ ದಾರ ತುಂಡಾಗುತ್ತದೆ ಎಂಬ ಲೆಕ್ಕ. 12 ಪೌಂಡು ಸುಮಾರು ಐದೂವರೆ ಕಿಲೋ. ಗಂಟು ಹಾಕಿದ ಕಡೆ ಈ ಬಲ ಕಡಿಮೆಯಾಗುತ್ತದೆ. ಗಂಟನ್ನು ಬಿಗಿಯುವ ಮುಂಚೆ ಎಂಜಲಿನಲ್ಲಿ ಒದ್ದೆ ಮಾಡಬೇಕು. ಒಣಗಿದ್ದು ಬಿಗಿದರೆ ಕಾವಿಗೆ ನೈಲಾನ್ ಸುಟ್ಟಂತಾಗುತ್ತದೆ. ಬಿಸಿಲಿಗೆ ನೈಲಾನ್ ಹಾಳಾಗುವುದರಿಂದ ರೀಲನ್ನು ಅಂಗಳದ ಕಂಬಕ್ಕೆ ನೇತುಹಾಕಬೇಡಿ.

ಇನ್ನು ಹೆಚ್ಚಿನವರು ಮಾಡದ ಒಂದು ಕೆಲಸವಿದೆ. ರೀಲಿಗೆ ಡ್ರ್ಯಾಗ್ ಎಂಬ ಬಿಗಿತಿರುಪು ಇರುತ್ತದೆ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗದೆ ಬಿಟ್ಟುಕೊಡುವಂತೆ ಮಾಡುವುದು ಅದು. ಮೆಣಸು ತೂಗುವ ಸಣ್ಣ ಸ್ಪ್ರಿಂಗ್ ತಕ್ಕಡಿಯ ಕೊಂಡಿಗೆ ದಾರದ ತುದಿ ಕಟ್ಟಿ, ಕೋಲನ್ನು ಬಾಗಿಸಿ ಎಳೆಯಿರಿ. ದಾರದ ಬಲದ ಕಾಲು ಭಾಗಕ್ಕೆ, ಅಂದರೆ 12 ಪೌಂಡಿನ ದಾರಕ್ಕೆ ತಕ್ಕಡಿಯ ಮುಳ್ಳು 1.4 ಕಿಲೋ ತೋರಿಸುವಾಗ, ರೀಲು ದಾರ ಬಿಡಬೇಕು. ಐದು ನಿಮಿಷದ ಈ ಕೆಲಸ ಅನೇಕ ಮೀನುಗಳನ್ನು ಉಳಿಸಿಕೊಡುತ್ತದೆ.

ಗಾಳದ ಅಂಕಿ ತಿರುವುಮುರುವು: ಅಂಕಿ ಹೆಚ್ಚಾದಂತೆ ಗಾಳ ಸಣ್ಣದು. ಹಿಟ್ಟಿನ ಉಂಡೆಗೆ ಬರುವ ರೋಹು, ಮೃಗಾಲ್‌ಗಳಿಗೆ 4 ಅಥವಾ 6ನೆಯ ನಂಬರು ಹೊಂದುತ್ತದೆ. ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ ಕಲಸಿ ಬೇಯಿಸಿದ ಉಂಡೆಗಿಂತ ಒಳ್ಳೆಯ ಎರೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ದೋಣಿಯ ವಿಚಾರ

ತೋಟದ ಕೆರೆಗೆ ದೋಣಿ ಬೇಕೇ? ಮೀನಿಗಾದರೆ ಬೇಡ, ದಡದಿಂದಲೇ ಆಗುತ್ತದೆ. ಆದರೆ ಪಾಚಿ ತೆಗೆಯಲು, ಫುಟ್‌ವಾಲ್ವು ನೋಡಲು, ಮೀನಿಗೆ ಮೇವು ಹಾಕಲು ಹಲವರು ಇಟ್ಟುಕೊಂಡಿದ್ದಾರೆ. ಫೈಬರ್ ಹರಿಗೋಲು ಹಗುರ, ಆಳವಿಲ್ಲದಲ್ಲೂ ತೇಲುತ್ತದೆ, ಸುಲಭಕ್ಕೆ ಮಗುಚುವುದಿಲ್ಲ; ಆದರೆ ಹುಟ್ಟು ಹಾಕಲು ಅಭ್ಯಾಸವಿಲ್ಲದವರ ಕೈಯಲ್ಲಿ ಗಿರಗಿರನೆ ತಿರುಗುತ್ತದೆ. ಸಣ್ಣ ಫೈಬರ್ ದೋಣಿ ನೇರ ಹೋಗುತ್ತದೆ. ಆದರೆ ಒಂದು ಮಗ್ಗುಲಿಗೆ ಭಾರ ಬಿದ್ದರೆ ಕೂಡಲೆ ವಾಲುತ್ತದೆ. ಗಾಳಿ ತುಂಬುವ ರಬ್ಬರ್ ದೋಣಿಗೆ ನಮ್ಮ ಬಿದಿರುಮುಳ್ಳು, ಗಾಳದ ಮೊನೆ ಎರಡೂ ಶತ್ರುಗಳು. ಯಾವುದಾದರೂ ಸರಿ, ದೋಣಿಯಲ್ಲಿ ಎದ್ದು ನಿಲ್ಲಬಾರದು ಎಂಬುದು ಮೊದಲ ಪಾಠ.

ಮೀನು ತೋರಿಸುವ ಟೀವಿ

ಈಗ ಮೊಮ್ಮಗನ ಯಂತ್ರಕ್ಕೆ ಬರೋಣ. ಇಂಗ್ಲಿಷಿನಲ್ಲಿ ಫಿಶ್ ಫೈಂಡರ್ ಎನ್ನುತ್ತಾರೆ. ಜಪಾನಿನ ಫುರುನೊ ಸಹೋದರರು 1948ರಲ್ಲಿ ಮೀನುಗಾರಿಕೆಗೆ ಇಂಥದನ್ನು ಮೊದಲು ಬಳಕೆಗೆ ತಂದರು. ತತ್ವ ಸರಳ. ಬಾವಿಯೊಳಗೆ ಕೂಗಿದರೆ ಪ್ರತಿಧ್ವನಿ ಬರುವುದಿಲ್ಲವೇ, ಅದೇ. ದೋಣಿಯ ತಳದಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ ಬಿಲ್ಲೆ ನೀರಿನಲ್ಲಿ ಮುಳುಗಿರುತ್ತದೆ. ಅದು ನಮ್ಮ ಕಿವಿಗೆ ಕೇಳದಷ್ಟು ಕೀಚು ಶಬ್ದವನ್ನು ಕೆಳಕ್ಕೆ ಬಿಡುತ್ತದೆ, ತಳಕ್ಕೆ ತಾಗಿ ಮರಳಿದ್ದನ್ನು ಹಿಡಿಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿಯ ವೇಗದ ನಾಲ್ಕು ಪಟ್ಟಿಗಿಂತಲೂ ಹೆಚ್ಚು. 6 ಮೀಟರ್ ಆಳದ ಕೆರೆಯಲ್ಲಿ ಹೋಗಿ ಬರಲು ಹಿಡಿಯುವುದು ಒಂದು ಸೆಕೆಂಡಿನ ಸಾವಿರದ ಎಂಟು ಭಾಗ. ಆ ಸಮಯವನ್ನು ಅಳೆದು ಯಂತ್ರ ಆಳ ಹೇಳುತ್ತದೆ. ನಡುವೆ ಮೀನಿದ್ದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಶಬ್ದ ತಾಗಿ ಬೇಗ ಮರಳುತ್ತದೆ.

ಆರಿಸುವಾಗ ನೋಡಬೇಕಾದದ್ದು ಕೆಲವೇ. ಶಬ್ದದ ಅಲೆ 200 ಕಿಲೋಹರ್ಟ್ಸ್ ಇದ್ದರೆ ಅದು ಕಿರಿದಾದ ಬುಗುರಿಯಂತೆ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿ ಅಗಲ. ಹಾಗಿದ್ದರೆ ತಳದಲ್ಲಿ ಅದು ನೋಡುವ ವೃತ್ತದ ಅಡ್ಡಳತೆ ಆಳದ ಮೂರನೆಯ ಒಂದು ಭಾಗ. ಮೂರು ಮೀಟರ್ ನೀರಿನಲ್ಲಿ ಒಂದು ಮೀಟರ್ ಅಗಲ, ಒಂದು ಕುಕ್ಕೆಯ ಬಾಯಿಗಿಂತ ಸ್ವಲ್ಪ ದೊಡ್ಡದು. 83 ಕಿಲೋಹರ್ಟ್ಸಿನದು ಇನ್ನೂ ಅಗಲ ನೋಡುತ್ತದೆ, ಆದರೆ ವಿವರ ಕಡಿಮೆ. 50 ಕಿಲೋಹರ್ಟ್ಸ್ ಸಮುದ್ರದ ಆಳಕ್ಕೆ. ಪಟ್ಟಣದ ಅಂಗಡಿಯೊಂದರಲ್ಲಿ ನಮಗೆ ಮೊದಲು ಕೊಡಹೊರಟದ್ದು ಸಾವಿರಾರು ಅಡಿ ಆಳ ನೋಡುವ ಯಂತ್ರವನ್ನು. ಇಪ್ಪತ್ತಡಿಯ ಕೆರೆಗೆ ಅದು ಅಡಿಕೆ ಒಡೆಯಲು ಸುತ್ತಿಗೆ ತಂದಂತೆ. ಚಿಕ್ಕ ಪರದೆಯ, 200 ಕಿಲೋಹರ್ಟ್ಸಿನ ಯಂತ್ರವೇ ನಮಗೆ ಸಾಕು. ಪರದೆ ಬಿಸಿಲಿನಲ್ಲಿ ಕಾಣುತ್ತದೆಯೇ ಎಂದು ಅಂಗಡಿಯ ಹೊರಗೆ ತಂದು ನೋಡಿ ಕೊಳ್ಳಬೇಕು. ಗಾಳದ ದಾರಕ್ಕೆ ಕಟ್ಟಿ ಎಸೆಯುವ, ಮೊಬೈಲಿನಲ್ಲಿ ಚಿತ್ರ ತೋರಿಸುವ ಚೆಂಡಿನಂಥ ಯಂತ್ರಗಳೂ ಬಂದಿವೆ. ದೋಣಿಯೇ ಇಲ್ಲದವರಿಗೆ ಅವು ಅನುಕೂಲ. ಜಿ.ಪಿ.ಎಸ್. ಸೇರಿದ ಯಂತ್ರದ ಅಗತ್ಯ ತೋಟದ ಕೆರೆಗೆ ಇಲ್ಲ. ಲಿಂಗನಮಕ್ಕಿಯಂಥ ಹಿನ್ನೀರಿನಲ್ಲಿ, 1964ರ ಅಣೆಕಟ್ಟಿನೊಡನೆ ಮುಳುಗಿದ ಕಾಡಿನ ಬೊಡ್ಡೆಗಳು ಎಲ್ಲಿವೆ ಎಂದು ಗುರುತಿಟ್ಟುಕೊಳ್ಳಲು ಅದು ಬೇಕಾದೀತು.

ಪರದೆಯನ್ನು ಓದುವಲ್ಲಿ ಎಲ್ಲರೂ ಎಡವುತ್ತಾರೆ. ಅದು ಫೋಟೋ ಅಲ್ಲ, ರೋಜುವಾರಿ ಪುಸ್ತಕ. ಬಲಗಡೆಯ ಅಂಚಿನಲ್ಲಿ ಕಾಣುವುದು ಈ ಕ್ಷಣದ್ದು. ಎಡಕ್ಕೆ ಸರಿದದ್ದೆಲ್ಲ ಕಳೆದುಹೋದದ್ದು. ನಿಂತ ದೋಣಿಯ ಕೆಳಗೆ ಮೀನೊಂದು ನಿಂತಿದ್ದರೆ ಉದ್ದನೆಯ ಗೆರೆ ಕಾಣುತ್ತದೆ. ಅದು ಉದ್ದ ಮೀನಲ್ಲ. ದೋಣಿ ಸಾಗುತ್ತಿದ್ದರೆ ಅದೇ ಮೀನು ಕಮಾನಿನಂತೆ ಕಾಣುತ್ತದೆ. ಮೀನಿನ ಬೊಂಬೆ ಬರೆದು ತೋರಿಸುವ ಅನುಕೂಲ ಯಂತ್ರದಲ್ಲಿದ್ದರೆ ಅದನ್ನು ನಿಲ್ಲಿಸಿಬಿಡಿ. ನಮ್ಮ ಕೆರೆಗಳಲ್ಲಿ ಸಿಲ್ವರ್ ಓಕಿನ ಎಲೆ ಬಿದ್ದು ಕೊಳೆತು ತಳದಿಂದ ಗುಳ್ಳೆ ಏಳುತ್ತದೆ. ಯಂತ್ರ ಪ್ರತಿ ಗುಳ್ಳೆಗೂ ಒಂದು ಮೀನು ಬರೆಯುತ್ತದೆ. ಅದನ್ನು ನಂಬಿ ಒಂದು ಸಂಜೆಯಿಡೀ ಗುಳ್ಳೆಗಳಿಗೆ ಎರೆ ಹಾಕಿದವರಲ್ಲಿ ನಾವೂ ಸೇರಿದ್ದೇವೆ.

ಮೇಲ್ನೀರಿನ ಕಾಟ್ಲಾವನ್ನೂ ಜೊಂಡಿನ ಕೊರವವನ್ನೂ ಯಂತ್ರ ಬಹುಮಟ್ಟಿಗೆ ಕಾಣುವುದೇ ಇಲ್ಲ, ಏಕೆಂದರೆ ಅದರ ಬೆಳಕು ಬೀಳುವುದು ದೋಣಿಯ ನೇರ ಕೆಳಗೆ. ಹಾಗಾದರೆ ಅದರ ಪ್ರಯೋಜನವೇನು? ಆಳ. ಅದನ್ನು ಮುಂದೆ ಹೇಳುತ್ತೇವೆ.

ಕೂರಿಸುವ ಕ್ರಮ

1. ಬಿಲ್ಲೆ ನೀರಿನೊಳಗೆ ಒಂದೆರಡು ಇಂಚು ಮುಳುಗಿ, ನೇರ ಕೆಳಮುಖವಾಗಿ ಇರಬೇಕು. ಹರಿಗೋಲಿಗಾದರೆ ಅಂಚಿನಿಂದ ಇಳಿಬಿಟ್ಟ ಒಂದು ರೀಪರಿಗೆ ಅದನ್ನು ಬಿಗಿದು, ರೀಪರನ್ನು ಬಿಗಿಹಿಡಿಯಿಂದ ಕಚ್ಚಿಸಿ. ಫೈಬರ್ ಕೊರೆಯುವ ಅಗತ್ಯವಿಲ್ಲ.

2. ಬಿಲ್ಲೆಯ ಮುಖಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಚಿತ್ರ ಬರುವುದಿಲ್ಲ. ನೀರಿಗಿಳಿಸಿದ ಮೇಲೆ ಒಮ್ಮೆ ಕೈಯಿಂದ ಸವರಿ.

3. ಬಿಲ್ಲೆಯ ವೈರು ಉದ್ದವಾಯಿತೆಂದು ಕತ್ತರಿಸಬೇಡಿ. ಸುತ್ತಿ ಕಟ್ಟಿಡಿ.

4. ಬ್ಯಾಟರಿ 12 ವೋಲ್ಟಿನದು. ಬೆನ್ನಿಗೆ ಹೊರುವ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿಯೇ ಸಾಕು. ಸಣ್ಣ ಯಂತ್ರ ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುವುದಿಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು ಎಂಬ ಲೆಕ್ಕ ಹಿಡಿದರೂ ಏಳೆಂಟು ಗಂಟೆ ನಡೆಯುತ್ತದೆ.

5. ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್. ಪ್ಲಸ್ ತಂತಿಯಲ್ಲಿ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಬೇಕು. ಸಣ್ಣ ಯಂತ್ರಗಳಿಗೆ ಸಾಮಾನ್ಯವಾಗಿ 3 ಆಂಪಿಯರ್. ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತುವ ನಮ್ಮ ಪಂಪ್‌ಹೌಸಿನ ಪದ್ಧತಿ ಇಲ್ಲಿ ಬೇಡ.

6. ದೋಣಿಗೆ ಬ್ಯಾಟರಿ ಮೋಟಾರು ಹಾಕುವವರು ಯಂತ್ರಕ್ಕೆ ಬೇರೆಯೇ ಬ್ಯಾಟರಿ ಇಡಬೇಕು. ಒಂದರಿಂದಲೇ ಎರಡನ್ನೂ ನಡೆಸಿದರೆ ಪರದೆಯ ತುಂಬ ಚುಕ್ಕೆ ಏಳುತ್ತದೆ.

7. ನೀರಿನ ಬಗೆಯನ್ನು ಕೇಳಿದರೆ ಸಿಹಿನೀರು ಎಂದು ಆರಿಸಿ. ಉಪ್ಪುನೀರಿನಲ್ಲಿ ಶಬ್ದ ಸ್ವಲ್ಪ ಬೇಗ ಸಾಗುವುದರಿಂದ ಅಂಕಿ ತಪ್ಪುತ್ತದೆ.

8. ಕೊನೆಗೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಯಂತ್ರದ ಅಂಕಿಯನ್ನು ಒಮ್ಮೆ ತಾಳೆ ನೋಡಿ. ಎರಡಡಿಗಿಂತ ಕಡಿಮೆ ನೀರಿನಲ್ಲಿ ಅಂಕಿಯನ್ನು ನಂಬಬೇಡಿ.

ನಮ್ಮ ತಪ್ಪು

ಎರಡು ವರ್ಷದ ಹಿಂದಿನ ಡಿಸೆಂಬರ್. ಕೆರೆ ಕೋಡಿಯ ಮಟ್ಟಕ್ಕೆ ತುಂಬಿತ್ತು. ಅಣ್ಣನ ಮಗ ರಜೆಗೆ ಬಂದವನು ಯಂತ್ರವನ್ನೂ ಒಂದು ಸಣ್ಣ ಬ್ಯಾಟರಿ ಮೋಟಾರನ್ನೂ ತಂದಿದ್ದ. ಮೋಟಾರಿಗೆ ತಕ್ಕ ಬ್ಯಾಟರಿ ಇರಲಿಲ್ಲ. ಮನೆಯ ಇನ್ವರ್ಟರಿನ ಬ್ಯಾಟರಿಯನ್ನೇ ಬಿಚ್ಚಿ ಇಬ್ಬರು ಹೊತ್ತು ತಂದು ದೋಣಿಯ ಹಿಂತುದಿಯಲ್ಲಿ ಇಟ್ಟೆವು. ಐವತ್ತು ಕಿಲೋ ಮೀರಿದ ಭಾರ, ಕಟ್ಟಿರಲಿಲ್ಲ. ಅವನಿಗೆ ಈಜು ಬರುತ್ತಿತ್ತು, ನಮಗೂ ಬರುತ್ತಿತ್ತು. ಜಾಕೆಟ್ಟಿನ ಮಾತೇ ಬರಲಿಲ್ಲ.

ಕೆರೆಯ ನಡುವೆ ಬಂದಾಗ ಬಿಸಿಲಿಗೆ ಪರದೆ ಕಾಣದೆ ಅವನು ಎದ್ದು ನಿಂತು ಬಗ್ಗಿದ. "ಚಿಕ್ಕಪ್ಪ, ಇಲ್ಲಿ ಹದಿನಾಲ್ಕಡಿ ಅಂತಿದೆ ನೋಡಿ" ಎಂದ. "ಯಂತ್ರ ಸುಳ್ಳು ಹೇಳುತ್ತೆ, ಇದು ಇಪ್ಪತ್ತಡಿ" ಎಂದು ನಾವೂ ಅತ್ತ ವಾಲಿದೆವು. ಬ್ಯಾಟರಿ ಜಾರಿತು. ಮಾತು ಮುಗಿಯುವುದರೊಳಗೆ ಇಬ್ಬರೂ ನೀರಿನಲ್ಲಿದ್ದೆವು.

ಡಿಸೆಂಬರಿನ ಬೆಳಗಿನ ನೀರು ಮೊದಲು ಉಸಿರನ್ನೇ ಕಟ್ಟಿಸುತ್ತದೆ. ಕಾಲಿನಲ್ಲಿ ಗಂಬೂಟು, ಮೈಮೇಲೆ ದಪ್ಪ ಕೋಟು. ಈಜು ಬರುತ್ತದೆ ಎಂಬುದು ಒಂದು ನಿಮಿಷದಲ್ಲಿ ಮರೆತುಹೋಯಿತು. ಪಂಪಿನ ಸಕ್ಷನ್ ಪೈಪು ಕೆಸರಿಗೆ ಇಳಿಯದಂತೆ ಫುಟ್‌ವಾಲ್ವಿಗೆ ಕಟ್ಟಿ ತೇಲಿಬಿಟ್ಟಿದ್ದ ಖಾಲಿ ಡ್ರಮ್ಮು ನಾಲ್ಕು ಮಾರು ದೂರದಲ್ಲಿತ್ತು. ಅದನ್ನು ತಲುಪಿ ಹಿಡಿದುಕೊಂಡೆವು. ಕೂಗು ಕೇಳಿ ಮೇಸ್ತ್ರಿ ಹಗ್ಗ ತಂದು ಎಸೆದ. ಡ್ರಮ್ಮು ಅಲ್ಲಿರದಿದ್ದರೆ ಈ ಲೇಖನವನ್ನು ಬೇರೆಯವರು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಆದ್ದರಿಂದ ದೋಣಿಗೆ ಮೊದಲು ಕೊಳ್ಳಬೇಕಾದದ್ದು ತೇಲುಜಾಕೆಟ್. ಅದರ ಮೇಲೆ ನ್ಯೂಟನ್ ಎಂಬ ಲೆಕ್ಕ ಬರೆದಿರುತ್ತದೆ. 50 ನ್ಯೂಟನ್ ಎಂದರೆ ಸುಮಾರು 5 ಕಿಲೋ ಎತ್ತುವ ಶಕ್ತಿ. ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ ಮಾತ್ರ. 100 ನ್ಯೂಟನ್ನಿನದು ತಲೆಯನ್ನು ನೀರಿನ ಮೇಲೆ ಹಿಡಿದಿಡುವಂತೆ ಮಾಡಿರುತ್ತಾರೆ. ಎಲ್ಲರಿಗೂ ಅದೇ ಇರಲಿ. ಮೈತೂಕಕ್ಕೆ ತಕ್ಕ ಅಳತೆಯದನ್ನು ಕೊಂಡು, ಬಕಲ್ಲುಗಳನ್ನೆಲ್ಲ ಹಾಕಿ, ಹೆಗಲಿನಲ್ಲಿ ಹಿಡಿದು ಮೇಲೆತ್ತಿ ನೋಡಿ. ಗಲ್ಲದ ಮೇಲಕ್ಕೆ ಜಾರಿ ಬಂದರೆ ಅಳತೆ ತಪ್ಪಿದೆ ಎಂದರ್ಥ. ದೋಣಿಯೊಳಗೆ ಮಡಿಸಿಟ್ಟ ಜಾಕೆಟ್ ಮನೆಯಲ್ಲಿಟ್ಟ ಕೊಡೆಯಂತೆ.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳ ವಿಚಾರವನ್ನೂ ಇಲ್ಲೇ ಹೇಳಬೇಕು. ಅವುಗಳ ಇಳಿಜಾರು ಒದ್ದೆಯಾದರೆ ಸೋಪಿನಂತೆ. ಬಿದ್ದವನು ಈಜು ಬಲ್ಲವನಾದರೂ ಹತ್ತಿ ಬರಲಾರ. ನಾಲ್ಕೂ ಮಗ್ಗುಲಿಗೆ ಗಂಟು ಹಾಕಿದ ದಪ್ಪ ಹಗ್ಗ ನೀರಿನವರೆಗೆ ಇಳಿಬಿಟ್ಟಿರಬೇಕು, ಏರಿಯ ಮೇಲೆ ಗಾಳಿ ತುಂಬಿದ ಒಂದು ಟ್ಯೂಬು ನೇತಾಡುತ್ತಿರಬೇಕು, ಸುತ್ತ ಬೇಲಿ ಇರಬೇಕು. ಲೈನ್ ಮನೆಗಳ ಮಕ್ಕಳು ಆಡುವ ಜಾಗದ ಹತ್ತಿರ ಹೊಂಡ ಮಾಡಿಸಿದವರು ಇದನ್ನು ನಾಳೆಗೆ ಮುಂದೂಡಬಾರದು.

ಹದಿನಾಲ್ಕಡಿಯ ಮಾತು

ಇನ್ನು ಯಂತ್ರ ಮುಳುಗುವ ಮುಂಚೆ ಹೇಳಿದ ಅಂಕಿಯ ವಿಚಾರ. 1978ರಲ್ಲಿ ತಂದೆಯವರು ಆ ಕೆರೆ ತೋಡಿಸಿದಾಗ ಕೋಡಿಯಿಂದ ತಳಕ್ಕೆ 20 ಅಡಿ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ನಾವು ಅದನ್ನೇ ನಂಬಿ ಇಷ್ಟು ವರ್ಷ ಪಂಪು ನಡೆಸಿದ್ದೆವು. ಹಿಂದಿನ ಎರಡು ಬೇಸಿಗೆಯೂ ಹೂಮಳೆಗೆ ಬದಲು ಸ್ಪ್ರಿಂಕ್ಲರ್ ಹೊಡೆಯುವಾಗ ಕೊನೆಯ ಬ್ಲಾಕಿಗೆ ಬರುವಷ್ಟರಲ್ಲಿ ನೀರು ಮುಗಿದಿತ್ತು. ಪಂಪು ಹಳತಾಯಿತು, ಪೈಪು ಸೋರುತ್ತದೆ, ನೀರು ಇಂಗುತ್ತದೆ ಎಂದು ಬೇರೆಲ್ಲವನ್ನೂ ದೂರಿದ್ದೆವು.

ಯಂತ್ರ ಸುಳ್ಳು ಹೇಳಿರಲಿಲ್ಲ. ಜನವರಿಯಲ್ಲಿ ಜಾಕೆಟ್ ತೊಟ್ಟು, ದಡದಿಂದ ದಡಕ್ಕೆ ಹಗ್ಗ ಬಿಗಿದು, ಐದೈದು ಮೀಟರಿಗೆ ಒಂದರಂತೆ ಆಳ ತೆಗೆದೆವು. ಆಮೇಲೆ ಅದೇ ಜಾಗಗಳಲ್ಲಿ ಉದ್ದ ಬಿದಿರುಗಳುವನ್ನು ಗಟ್ಟಿ ನೆಲ ಸಿಗುವವರೆಗೆ ಒತ್ತಿ ನೋಡಿದೆವು. ಯಂತ್ರ ಹೇಳುವುದು ಹೂಳಿನ ಮೇಲ್ಮೈಯನ್ನು, ಗಳು ಹೇಳುವುದು ಹಳೆಯ ತಳವನ್ನು; ಇವೆರಡರ ವ್ಯತ್ಯಾಸವೇ ಹೂಳು. ನಡುವೆ ಆರಡಿ, ಅಂಚಿನಲ್ಲಿ ಒಂದೂವರೆ ಅಡಿ. ಸರಾಸರಿ ಒಂದು ಮೀಟರ್ ಬಂತು.

ಲೆಕ್ಕ ನೋಡಿ. ಕೆರೆ 40 ಮೀಟರ್ ಉದ್ದ, 25 ಮೀಟರ್ ಅಗಲ, ಅಂದರೆ 1,000 ಚದರ ಮೀಟರ್. ಒಂದು ಮೀಟರ್ ಹೂಳು ಎಂದರೆ 1,000 ಘನ ಮೀಟರ್, ಅಂದರೆ 10 ಲಕ್ಷ ಲೀಟರ್ ನೀರಿನ ಜಾಗ. ಒಂದು ಎಕರೆಗೆ ಒಂದಿಂಚು ನೀರು ಎಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ರೋಬಸ್ಟಾ ಹೂವಿಗೆ ಒಂದೂವರೆ ಇಂಚು ಹಿಡಿದರೆ ಎಕರೆಗೆ 1 ಲಕ್ಷ 54 ಸಾವಿರ ಲೀಟರ್. ನಮ್ಮ ಕೆರೆಯೊಳಗೆ ಹೂಳಾಗಿ ಕೂತಿದ್ದದ್ದು ಆರೂವರೆ ಎಕರೆಯ ಹೂಮಳೆ. ಕೊನೆಯ ಬ್ಲಾಕು ಇದ್ದದ್ದು ಆರೆಕರೆ.

ಆ ಬೇಸಿಗೆಯ ಕೊನೆಗೆ ಹೂಳು ತೆಗೆಸಿದೆವು. ಕರಿಮಣ್ಣು ಅಡಿಕೆ ಬುಡಕ್ಕೆ ಹೋಯಿತು. ಕಳೆದ ಮಾರ್ಚಿಯಲ್ಲಿ ಕೊನೆಯ ಬ್ಲಾಕಿಗೂ ನೀರು ಮುಟ್ಟಿತು.

ಇದೇ ಕೆಲಸವನ್ನು ಕಲ್ಲು ಕಟ್ಟಿದ ಹಗ್ಗದಿಂದಲೂ ಮಾಡಬಹುದಲ್ಲ ಎಂದು ಕೇಳಿದರೆ, ಹೌದು, ಮಾಡಬಹುದು. ನಲವತ್ತು ವರ್ಷ ಹಗ್ಗವೂ ಮನೆಯಲ್ಲಿತ್ತು, ಕಲ್ಲೂ ಇತ್ತು. ನಾವು ಅಳೆಯಲಿಲ್ಲ. ಯಂತ್ರದಿಂದ ಆದ ಉಪಕಾರ ಅಷ್ಟೇ: ಅದು ಕೇಳದೆಯೇ ಹೇಳಿತು.

ಕೆಲವು ಕಟ್ಟುಪಾಡು

ಸ್ವಂತ ಕೆರೆಯ ಹೊರಗೆ ಗಾಳ ಹಾಕುವವರು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು. ಭದ್ರಾ ಹಿನ್ನೀರಿನ ಒಂದು ಭಾಗ ಹುಲಿ ಮೀಸಲು ಪ್ರದೇಶಕ್ಕೆ ಸೇರಿದೆ. ಅಲ್ಲಿ ಅರಣ್ಯ ಇಲಾಖೆಯ ಮಾತೇ ಮಾತು. ಶೃಂಗೇರಿ, ಶಿಶಿಲ, ರಾಮನಾಥಪುರದ ದೇವರ ಮೀನುಗಳ ಬಗ್ಗೆ ಹೇಳಬೇಕಾದದ್ದಿಲ್ಲ. ಮಂಗಳೂರಿನಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲೇ ಭಾರತದ ಗಾಳದ ಬೇಟೆಯ ಮೇಲೆ ಪುಸ್ತಕ ಬರೆದು ಮಹಶೀರನ್ನು ಕೊಂಡಾಡಿದ್ದರು. ಆ ಮಹಶೀರಿನ ಕಾವೇರಿಯ ಡುಬ್ಬದ ಜಾತಿ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಹೊಳೆಯಲ್ಲಿ ಮಹಶೀರ್ ಸಿಕ್ಕರೆ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ. ಗಾಳದ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡಿದ್ದರೆ ಬಿಡಿಸುವುದು ಸುಲಭ. ಸಿಡಿಮದ್ದು, ನಂಜು, ಕರೆಂಟು ಹಾಕಿ ಮೀನು ಹಿಡಿಯುವವರು ಹೊಳೆಯ ಕಳ್ಳರು. ಸಿಡಿಮದ್ದು, ವಿಷಗಳನ್ನು 1897ರ ಕಾಯಿದೆಯೇ ಅಪರಾಧವೆಂದು ಸಾರಿತ್ತು.

ಮನೆಯ ಕೆರೆಯ ಮೀನಿಗೂ ನಮ್ಮಿಂದಲೇ ಅಪಾಯವುಂಟು. ಮೈಲುತುತ್ತ ಮೀನಿಗೆ ವಿಷ. ನಮ್ಮ ಮಲೆನಾಡಿನ ಮೆದುನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಬೋರ್ಡೋ ಕಲಸಿದ ಡ್ರಮ್ಮನ್ನು ಕೆರೆಯಲ್ಲಿ ತೊಳೆಯಬಾರದು. ಪಲ್ಪರಿನ ನೀರು ಕೆರೆಗೆ ಸೇರಿದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕಾರಣವನ್ನು ಅಲ್ಲಿ ಹುಡುಕಿ.

ಸಂಘದ ತೀರ್ಮಾನ

ಹಿರಿಯ ಸದಸ್ಯರ ಪ್ರಶ್ನೆಗೆ ಉತ್ತರ ಹೀಗಿದೆ. ಗಾಳ, ದಾರ, ಬೆಂಡು, ಸೀಸದ ಗುಂಡುಗಳನ್ನು ಮುಂದಿನ ತಿಂಗಳಿನಿಂದ ನಮ್ಮ ಮಳಿಗೆಯಲ್ಲಿ ಇಡುತ್ತೇವೆ. ಆಳ ನೋಡುವ ಯಂತ್ರವನ್ನು ಪ್ರತಿಯೊಬ್ಬರೂ ಕೊಳ್ಳುವ ಅಗತ್ಯವಿಲ್ಲ. ವರ್ಷಕ್ಕೆ ಒಂದು ದಿನದ ಕೆಲಸಕ್ಕೆ ಅಷ್ಟು ಹಣ ಹಾಕುವುದು ದುಂದು. ಸಂಘದಿಂದ ಒಂದು ಸಣ್ಣ ಯಂತ್ರವನ್ನೂ ಆರು ತೇಲುಜಾಕೆಟ್ಟುಗಳನ್ನೂ ಕೊಳ್ಳಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಕಚೇರಿಯ ಪುಸ್ತಕದಲ್ಲಿ ಹೆಸರು ಬರೆಸಿ ಸರದಿಯ ಮೇಲೆ ಒಯ್ಯಬಹುದು. ಷರತ್ತು ಒಂದೇ: ಯಂತ್ರ ಒಯ್ಯುವವರು ದೋಣಿ ಹತ್ತುವ ಪ್ರತಿಯೊಬ್ಬರಿಗೂ ಒಂದರಂತೆ ಜಾಕೆಟ್ಟನ್ನೂ ಒಯ್ಯಬೇಕು. ಜಾಕೆಟ್ ಬೇಡ ಎನ್ನುವವರಿಗೆ ಯಂತ್ರವಿಲ್ಲ.

ಕೋಡಿಯವರೆಗೆ ನೀರಿರುವಾಗ ಅಳೆದರೆ ಲೆಕ್ಕ ಸುಲಭ. ಆದುದರಿಂದ ಕೊಯ್ಲಿನ ಗಡಿಬಿಡಿಯ ನಡುವೆಯೂ ಒಂದು ಬೆಳಗು ಬಿಡುವು ಮಾಡಿಕೊಂಡು, ಹೂಮಳೆಗೆ ಪಂಪು ಹೂಡುವ ಮುಂಚೆ ತಂತಮ್ಮ ಕೆರೆಯ ಆಳ ನೋಡಿಟ್ಟುಕೊಳ್ಳಬೇಕೆಂದು ಸದಸ್ಯ ಬಾಂಧವರಲ್ಲಿ ಕೇಳಿಕೊಳ್ಳುತ್ತೇವೆ. ಅಳೆದ ಅಂಕಿಯನ್ನು ಇಸವಿಯೊಡನೆ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮುಂದೆ ತೋಟ ನೋಡಿಕೊಳ್ಳುವವರಿಗೆ ಅದು ಬೇಕಾಗುತ್ತದೆ.